ಹೊಸ ಹೊಂಡದ ನೀರೂ ಮೀನಿನ ಮರಿಗಳೂ

2014ರಲ್ಲಿ ಕೃಷಿಭಾಗ್ಯ ಯೋಜನೆಯು ಆರಂಭವಾದ ತರುವಾಯ ಬಯಲುಸೀಮೆಯ ಜಮೀನುಗಳಲ್ಲಿ ಹೊಂಡಗಳು ಹೆಚ್ಚಿರುವುದು ಸರ್ವವಿದಿತವಾಗಿದೆ. ಪೈರಿಗೆಂದು ಶೇಖರಿಸಿದ ನೀರಿನಲ್ಲಿ ಮೀನನ್ನೂ ಬೆಳೆಸಬೇಕೆಂಬ ಅಪೇಕ್ಷೆಯು ಭೂಮಾಲೀಕರಲ್ಲಿ ಹುಟ್ಟಿರುವುದು ಶ್ಲಾಘನೀಯವೇ ಸರಿ. ಆದರೆ ಹೊಂಡ ತುಂಬಿದ ಕೂಡಲೆ ಮರಿಗಳನ್ನು ತಂದು ಬಿಡುವ ಆತುರವು ಯುಕ್ತವಾದುದಲ್ಲವೆಂದು ನಮ್ಮ ಅಭಿಪ್ರಾಯ. ಮರಿಗಳ ಕ್ರಯವು ಅಲ್ಪವೆಂದು ಈ ನಷ್ಟವನ್ನು ಲೆಕ್ಕಕ್ಕೆ ತಾರದವರುಂಟು. ಸತ್ತ ಮರಿಗಳೊಡನೆ ಹೊಂಡದಲ್ಲಿ ನೀರು ನಿಲ್ಲುವ ಕೆಲವೇ ತಿಂಗಳುಗಳೂ ನಷ್ಟವಾಗುವುದನ್ನು ಅವರು ಎಣಿಸುವುದಿಲ್ಲ.

ತಿಳಿನೀರನ್ನು ಕಂಡು ಮೆಚ್ಚುವುದು ವಾಡಿಕೆ. ಕುಡಿಯುವವರಿಗೆ ಅದು ಸರಿ. ಮೀನಿಗೆ ತಿಳಿನೀರೆಂದರೆ ಗೊಬ್ಬರ ಕಾಣದ ಹೊಲ. ಕಾಟ್ಲ, ರೋಹು ಮರಿಗಳು ತಿನ್ನತಕ್ಕ ಸೂಕ್ಷ್ಮಜೀವಿಗಳು ಅದರಲ್ಲಿ ಇನ್ನೂ ಹುಟ್ಟಿರುವುದಿಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ ಮತ್ತೊಂದುಂಟು. ಮೀನಿನ ವಿಸರ್ಜನೆಯಿಂದಲೂ ಮಿಕ್ಕು ಕೊಳೆತ ಮೇವಿನಿಂದಲೂ ಅಮೋನಿಯಾ ಎಂಬ ವಿಷವು ನೀರಿಗೆ ಸೇರುತ್ತದೆ. ಹಳೆಯ ಕೆರೆಯಲ್ಲಿ ಹಸುರು ಪಾಚಿಯು ಇದನ್ನು ಹೀರಿಕೊಳ್ಳುವುದು. ಕೆಸರಿನ ಅಣುಜೀವಿಗಳು ಇದನ್ನು ಬಹುಮಟ್ಟಿಗೆ ನಿರಪಾಯವಾದ ನೈಟ್ರೇಟಾಗಿ ಮಾರ್ಪಡಿಸುವುವು. ಹೊಸ ಹೊಂಡದಲ್ಲಿ ಆ ಅಣುಜೀವಿಗಳು ವೃದ್ಧಿಯಾಗಲು ಕೆಲವು ವಾರಗಳೇ ಬೇಕು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ನೀರಿಗೂ ಮಣ್ಣಿಗೂ ಸಂಬಂಧವೇ ಇಲ್ಲದಿರುವುದರಿಂದ, ಅಲ್ಲಿ ಮರಿಗಳ ಸಂಖ್ಯೆಯನ್ನು ತಗ್ಗಿಸುವುದೇ ಲೇಸು.

ಆದುದರಿಂದ ಹೊಲವನ್ನು ಹದಮಾಡುವಂತೆ ನೀರನ್ನೂ ಹದಮಾಡತಕ್ಕದ್ದು. ಸಾಧಾರಣ ಮಣ್ಣಿನಲ್ಲಿ ಎಕರೆ ವಿಸ್ತೀರ್ಣದ ನೀರಿಗೆ ಸುಮಾರು 100 ಕಿಲೋಗ್ರಾಂ ಸುಣ್ಣವು ಸಾಕು. ಮಲೆನಾಡಿನ ಹುಳಿ ಮಣ್ಣಿಗೆ ಹೆಚ್ಚು ಬೇಕಾಗುವುದು. ಕ್ಷಾರವುಳ್ಳ ಕಪ್ಪು ಭೂಮಿಯಲ್ಲಿ ನೀರನ್ನು ಪರೀಕ್ಷಿಸದೆ ಸುಣ್ಣ ಹಾಕುವುದು ವ್ಯರ್ಥ ಮಾತ್ರವಲ್ಲ, ಹಾನಿಕರವೂ ಹೌದು. ಏಕೆಂದರೆ ಕ್ಷಾರವು ಹೆಚ್ಚಿದಷ್ಟೂ ಅಮೋನಿಯಾದ ವಿಷವು ತೀವ್ರವಾಗುವುದು. ವಾರ ಕಳೆದ ಮೇಲೆ ಸೆಗಣಿಯನ್ನು ನೀರಿನಲ್ಲಿ ಕದಡಿ ಎರಚಿ, ಹತ್ತು ಹದಿನೈದು ದಿನ ಕಾಯಬೇಕು. ಹದವನ್ನು ತಿಳಿಯಲು ಯಂತ್ರವೇನೂ ಬೇಡ. ಮೊಣಕೈ ಮುಳುಗುವವರೆಗೆ ತೋಳನ್ನು ನೆಟ್ಟಗೆ ಇಳಿಸಿದಾಗ ಅಂಗೈಯು ಹಸುರಿನಲ್ಲಿ ಮರೆಯಾದರೆ ಹದ ಬಂದಿತೆಂದು ತಿಳಿಯಬಹುದು. ಮಣಿಕಟ್ಟು ಮುಳುಗುವಷ್ಟರಲ್ಲಿಯೇ ಮರೆಯಾದರೆ ಗೊಬ್ಬರವು ಅತಿಯಾಯಿತು. ಕೆಮ್ಮಣ್ಣಿನ ರಾಡಿಯಿಂದ ಕೈ ಕಾಣದಿರುವುದನ್ನು ಹದವೆಂದು ಭ್ರಮಿಸಬಾರದು.

ಮರಿ ಬಿಟ್ಟ ಮೇಲೆಯೂ ಎಚ್ಚರಿಕೆಯು ಅವಶ್ಯಕ. ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯ್ದೆರೆಯುವುದನ್ನು ಕಂಡು ಆಟವಾಡುತ್ತಿವೆಯೆಂದು ಸಂತೋಷಿಸುವವರುಂಟು. ಅದು ಉಸಿರುಕಟ್ಟಿದ ಗುರುತು. ರಾತ್ರಿಯಲ್ಲಿ ಪಾಚಿಯೂ ಪ್ರಾಣವಾಯುವನ್ನು ಸೇವಿಸುವುದರಿಂದ ಆ ಹೊತ್ತಿನಲ್ಲಿ ಅದರ ಕೊರತೆಯು ಅತ್ಯಧಿಕವಾಗಿರುವುದು. ಕೂಡಲೆ ಗೊಬ್ಬರವನ್ನೂ ಮೇವನ್ನೂ ನಿಲ್ಲಿಸಿ ಹೊಸ ನೀರನ್ನು ಬಿಡಬೇಕು. ಕೊಳವೆ ಬಾವಿಯ ನೀರಿನಲ್ಲಿ ಪ್ರಾಣವಾಯುವು ಸಾಮಾನ್ಯವಾಗಿ ಕಡಮೆ. ಅದನ್ನು ಎತ್ತರದಿಂದ ಹಲಗೆಯ ಮೇಲೆ ಬೀಳಿಸಿ, ಚದುರಿಸಿ ಒಳಕ್ಕೆ ಬಿಡುವುದು ಕ್ರಮ.

ಗ್ರಾಮಪ್ರಮುಖರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮರಿಗಳ ಗಾಡಿ ಬರುವ ದಿನವನ್ನು ಗೊತ್ತುಮಾಡಿಕೊಂಡು ಆಮೇಲೆ ಹೊಂಡದವರಿಗೆ ಹೇಳಿಕಳುಹಿಸುವುದು ತಲೆಕೆಳಗಾದ ಪದ್ಧತಿ. ಊರಿನ ಯಾವ ಯಾವ ಹೊಂಡವು ಹದಗೊಂಡಿದೆಯೆಂದು ಖುದ್ದಾಗಿ ಕೈಯಿಟ್ಟು ನೋಡಿ, ಅಂತಹವರ ಹೆಸರುಗಳನ್ನು ಮಾತ್ರ ಮೊದಲನೆಯ ಪಟ್ಟಿಗೆ ಸೇರಿಸತಕ್ಕದ್ದು. ಉಳಿದವರು ಮುನಿಸಿಕೊಂಡರೂ ಚಿಂತೆಯಿಲ್ಲ. ಎರಡನೆಯ ಗಾಡಿಗೆ ಅವರ ಸರದಿ ಬರುವುದು.