ಪೆಟ್ಟಿಗೆ ಮೊದಲು, ವ್ಯಾಟ್ ಆಮೇಲೆ

ನಮ್ಮ ಕನ್ನಡ ಸಂಘದ ವಾದ್ಯವೃಂದಕ್ಕೆ ಒಂದು ಬಾಸ್ ಆಂಪ್ಲಿಫೈಯರ್ ಕೊಳ್ಳಬೇಕೆಂದು ಹೋದ ಸಭೆಯಲ್ಲಿ ಠರಾವಾಯಿತು. ಆದರೆ ಎಂಥದ್ದನ್ನು ಕೊಳ್ಳಬೇಕು ಎಂಬಲ್ಲಿ ಸಭೆ ಎರಡು ಹೋಳಾಯಿತು. "ಐನೂರು ವ್ಯಾಟಿಗೆ ಕಡಿಮೆ ಇದ್ದರೆ ರಾಜ್ಯೋತ್ಸವದ ದಿನ ಮರ್ಯಾದೆ ಉಳಿಯೋದಿಲ್ಲ" ಎಂದು ಒಂದು ಪಕ್ಷ. "ಬಾಸೇ ಯಾಕ್ರೀ? ಭಾವಗೀತೆಗೆ ಹಾರ್ಮೋನಿಯಂ, ತಬಲ ಸಾಲದೇ?" ಎಂದು ಇನ್ನೊಂದು ಪಕ್ಷ. ನಾನು ಎರಡು ಪಕ್ಷಕ್ಕೂ ಸೇರಿದವನಲ್ಲ. ಹಣ ಸಂಘದ್ದು, ಅಂದರೆ ಹಾಸ್ಟೆಲಿನ ಹುಡುಗ ಹುಡುಗಿಯರು ಕಾಫಿ ತಿಂಡಿಯ ದುಡ್ಡಿನಲ್ಲಿ ಉಳಿಸಿ ವರ್ಷ ವರ್ಷವೂ ಕೊಟ್ಟ ಚಂದಾ. ಒಂದು ಸಲ ಕೈತಪ್ಪಿದರೆ ಮತ್ತೆ ಅಷ್ಟು ಕೂಡಿಸುವುದರೊಳಗೆ ಈಗಿರುವವರೆಲ್ಲ ಡಿಗ್ರಿ ಮುಗಿಸಿ ಹೋಗಿರುತ್ತೇವೆ. ಆದ್ದರಿಂದ ಈ ನಾಲ್ಕು ಮಾತು.

ಬಾಸ್ ಬೇಡ ಎನ್ನುವವರಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಾವಿರುವ ಕೋಯಂಬೇಡಿನಿಂದ ವಡಪಳನಿಗೆ ಮೆಟ್ರೋದಲ್ಲಿ ಮೂರೇ ನಿಲ್ದಾಣ. ಕನ್ನಡ ಚಿತ್ರರಂಗ ಬೆಂಗಳೂರಿಗೆ ಹೋಗಿ ನೆಲೆಯೂರುವ ಮುನ್ನ ನಮ್ಮ ಹಾಡುಗಳು ದಶಕಗಟ್ಟಲೆ ಧ್ವನಿಮುದ್ರಣವಾದದ್ದು ಇದೇ ಮದರಾಸಿನ ಸ್ಟುಡಿಯೋಗಳಲ್ಲಿ. 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ' ಚಿತ್ರಗಳ ಹಾಡುಗಳಿಲ್ಲದೆ ನಮ್ಮ ಯಾವ ಕಾರ್ಯಕ್ರಮವೂ ಮುಗಿಯುವುದಿಲ್ಲ. ಎರಡಕ್ಕೂ ಸಂಗೀತ ಇಳಯರಾಜಾ ಅವರದು. ಆ ಹಾಡುಗಳನ್ನು ಇನ್ನೊಮ್ಮೆ ಗಮನವಿಟ್ಟು ಕೇಳಿ. ಬಾಸ್ ಗಿಟಾರು ಸುಮ್ಮನೆ ತಾಳ ಹಾಕಿಕೊಂಡು ಮೂಲೆಯಲ್ಲಿ ಕುಳಿತಿಲ್ಲ. ಹಾಡುವವರ ಕೆಳಗೆ ಅದೂ ತನ್ನದೊಂದು ಹಾಡು ಹಾಡುತ್ತಿದೆ. ಅದನ್ನು ಬಿಟ್ಟು ಹಾಡಿದರೆ ಅದು ಅರ್ಧ ಹಾಡು.

ಮಂದ್ರದ ಆಸೆ ನಮಗೆ ಹೊರಗಿನಿಂದ ಬಂದದ್ದೂ ಅಲ್ಲ. ತಂಬೂರಿಯಲ್ಲಿ ಖರಜದ ತಂತಿ ಇಲ್ಲವೇ? ಡೊಳ್ಳು ಇಲ್ಲವೇ? ಡೊಳ್ಳಿನ ಮಾತು ಎತ್ತಿದ್ದಕ್ಕೆ ಕಾರಣವಿದೆ. ಡೊಳ್ಳು ಕುಣಿತದವರು ಆಂಪ್ಲಿಫೈಯರು ಕೇಳುವುದಿಲ್ಲ. ಅಗಲವಾದ ಚರ್ಮ, ಅದರ ಹಿಂದೆ ದೊಡ್ಡ ಮರದ ಪೊಳ್ಳು. ಕೋಲು ಬಿದ್ದ ಕೂಡಲೇ ಅಷ್ಟೂ ಗಾಳಿ ಅಲುಗುತ್ತದೆ, ನಮ್ಮ ಎದೆಗೆ ಬಂದು ಬಡಿಯುತ್ತದೆ. ಬಾಸ್ ಗಿಟಾರಿನ ತಂತಿಗೆ ಆ ಭಾಗ್ಯವಿಲ್ಲ. ಸಣ್ಣ ತಂತಿ, ಗಟ್ಟಿ ಹಲಗೆ. ಅದರಿಂದ ಗಾಳಿ ಅಲುಗುವುದೇ ಇಲ್ಲ. ಅದಕ್ಕೆ ಡೊಳ್ಳಾಗಿ ಒದಗುವುದು ಸ್ಪೀಕರ್ ಪೆಟ್ಟಿಗೆ. ಈ ಒಂದು ಮಾತನ್ನು ಹಿಡಿದುಕೊಂಡರೆ ನಮ್ಮ ಜಗಳದ ಮುಕ್ಕಾಲು ಪಾಲು ತೀರುತ್ತದೆ ಎಂಬುದು ನನ್ನ ಅಭಿಪ್ರಾಯ.

ಬಾಸಿನ ಅತಿ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಆ ಸ್ವರದ ಒಂದು ಅಲೆಯ ಉದ್ದ ಎಂಟು ಮೀಟರು, ಅಂದರೆ ನಮ್ಮ ಕ್ಲಾಸ್ ರೂಮಿನಷ್ಟು. ಒಂದೇ ಗಟ್ಟಿತನದಲ್ಲಿ ಒಂದು ಸ್ಥಾಯಿ ಕೆಳಗೆ ನುಡಿಸಬೇಕಾದರೆ ಸ್ಪೀಕರು ನಾಲ್ಕು ಪಟ್ಟು ಗಾಳಿಯನ್ನು ನೂಕಬೇಕು. ಸಾಲದ್ದಕ್ಕೆ ನಮ್ಮ ಕಿವಿಯೂ ಮಂದ್ರಕ್ಕೆ ಮಂದ. ಫ್ಲೆಚರ್, ಮನ್ಸನ್ ಎಂಬಿಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದರು. ಆದ್ದರಿಂದಲೇ ಪಕ್ಕದಲ್ಲಿ 30 ವ್ಯಾಟಿನ ಗಿಟಾರ್ ಆಂಪ್ ಕಿರುಚುತ್ತಿರುವಾಗ 100 ವ್ಯಾಟಿನ ಬಾಸ್ ಆಂಪ್ ಮೂಗನಂತೆ ನಿಂತಿರುತ್ತದೆ. ಗಿಟಾರ್ ಆಂಪಿಗೇ ಬಾಸ್ ಸಿಕ್ಕಿಸಿ ನುಡಿಸೋಣ ಎನ್ನುವವರೂ ಇದ್ದಾರೆ. ಸಣ್ಣ ದನಿಯಲ್ಲಿ ಅಭ್ಯಾಸಕ್ಕೆ ನಡೆದೀತು. ವೇದಿಕೆಯಲ್ಲಿ ಜೋರು ಮಾಡಿದರೆ ಸ್ಪೀಕರಿನ ಕಾಗದ ಹರಿದೀತು.

ಇನ್ನು ವ್ಯಾಟಿನ ಪಕ್ಷದವರಿಗೆ. ವ್ಯಾಟ್ ಎಂಬುದು ಅಂಗಡಿಯವನು ದೊಡ್ಡ ಅಕ್ಷರದಲ್ಲಿ ಬರೆಯುವ ಸಂಖ್ಯೆ. 250 ವ್ಯಾಟಿನಿಂದ 500 ವ್ಯಾಟಿಗೆ ಹೋದರೆ ಶಬ್ದ ಇಮ್ಮಡಿಯಾಗುತ್ತದೆಂದು ನಮ್ಮ ಗೆಳೆಯರು ನಂಬಿದ್ದಾರೆ. ಆಗುವುದಿಲ್ಲ ಸ್ವಾಮಿ. ಏರುವುದು 3 ಡೆಸಿಬೆಲ್ ಮಾತ್ರ, 'ಸ್ವಲ್ಪ ಜೋರಾಯಿತು' ಎನ್ನುವಷ್ಟು. ಕಿವಿಗೆ ಇಮ್ಮಡಿ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಅದೇ ಅಂಗಡಿಯಲ್ಲಿ ಸ್ಪೀಕರಿನ ವಿವರದ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ: ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂದು. ಒಂದು ಪೆಟ್ಟಿಗೆಯದು 97, ಇನ್ನೊಂದರದು 100 ಎಂದಿಟ್ಟುಕೊಳ್ಳಿ. ಎರಡನೆಯದಕ್ಕೆ 250 ವ್ಯಾಟ್ ಕೊಟ್ಟರೂ ಒಂದೇ, ಮೊದಲನೆಯದಕ್ಕೆ 500 ಕೊಟ್ಟರೂ ಒಂದೇ. ದೊಡ್ಡ ಅಕ್ಷರಕ್ಕೆ ದುಡ್ಡು ಕೊಡುವ ಮುನ್ನ ಸಣ್ಣ ಅಕ್ಷರ ಓದಿ ಎಂದಷ್ಟೇ ನಾನು ಹೇಳುವುದು.

ಹಾಗಾದರೆ ದೊಡ್ಡ ಪೆಟ್ಟಿಗೆಯನ್ನೇ ತರೋಣ ಎನ್ನಬಹುದು. 1969ರಲ್ಲಿ ಅಮೆರಿಕದ ಆಂಪೆಗ್ ಕಂಪನಿ ಎಸ್.ವಿ.ಟಿ. ಎಂಬ 300 ವ್ಯಾಟಿನ ವಾಲ್ವ್ ಆಂಪ್ ತಂದಿತು. ಅದರ ಜೋಡಿ ಹತ್ತಿಂಚಿನ ಎಂಟು ಸ್ಪೀಕರುಗಳ ಪೆಟ್ಟಿಗೆ. ರೋಲಿಂಗ್ ಸ್ಟೋನ್ಸ್ ತಂಡ ಅದೇ ವರ್ಷ ಅದನ್ನು ಹೊತ್ತು ಅಮೆರಿಕ ಸುತ್ತಿತು. ಬಾಸಿನವರು ಆ ಪೆಟ್ಟಿಗೆಯನ್ನು ಪ್ರೀತಿಯಿಂದ 'ಫ್ರಿಜ್' ಎಂದು ಕರೆಯುತ್ತಾರೆ. ಆಕಾರವೂ ಹಾಗೇ, ತೂಕವೂ ಹಾಗೇ. 60 ಕಿಲೋ ದಾಟುತ್ತದೆ. ಅದರ ನಾದದ ಬಗ್ಗೆ ನನಗೆ ತಕರಾರಿಲ್ಲ. ಆದರೆ ರೋಲಿಂಗ್ ಸ್ಟೋನ್ಸ್ ತಂಡಕ್ಕೆ ಹೊರುವ ಆಳುಗಳಿದ್ದರು, ಲಾರಿಯಿತ್ತು. ಕೋಯಂಬೇಡಿನಲ್ಲಿ ಲಾರಿಗಳಿಗೇನೂ ಬರವಿಲ್ಲ, ನಿಜ. ಕೋಲಾರದ ಟೊಮೆಟೊ ಇಳಿಸಿದ ಡ್ರೈವರಣ್ಣನನ್ನು ಕನ್ನಡದಲ್ಲೇ ಮಾತನಾಡಿಸಿದರೆ ಒಂದು ಸಲ ಹಾಕಿಕೊಂಡೂ ಹೋದಾನು. ಆದರೆ ಪ್ರತಿ ಸಲ?

ಇಲ್ಲಿ ನನಗೆ ನಿಜವಾಗಿ ಹೇಳಬೇಕಾದ ಮಾತು ಬರುತ್ತದೆ. ಕಾರಿಲ್ಲದೆ ಸಾಗಿಸಲಾಗದ ಸಾಮಾನು ಹೆಸರಿಗೆ ಸಂಘದ್ದು. ಕ್ರಮೇಣ ಅದು ಕಾರಿದ್ದವರದ್ದಾಗುತ್ತದೆ. ಅವರ ಮನೆಯಲ್ಲಿ ಇರುತ್ತದೆ, ಅವರಿಗೆ ಬಿಡುವಿದ್ದ ದಿನ ಬರುತ್ತದೆ, ಅವರ ಸ್ನೇಹಿತರ ಕಾರ್ಯಕ್ರಮಕ್ಕೆ ಮೊದಲು ಹೋಗುತ್ತದೆ. ಯಾರೂ ಕೆಟ್ಟವರಾಗಬೇಕಿಲ್ಲ, ಸಾಮಾನಿನ ತೂಕವೇ ಹಾಗೆ ಮಾಡಿಸುತ್ತದೆ. ಈಗ ನಮ್ಮಲ್ಲಿ ಬಾಸ್ ನುಡಿಸುವವಳು ಮೊದಲ ವರ್ಷದ ಬಿ.ಎಸ್‌ಸಿ. ಹುಡುಗಿ. ಹಾಸ್ಟೆಲಿನಿಂದ ಮೆಟ್ರೋದಲ್ಲೋ ಷೇರ್ ಆಟೋದಲ್ಲೋ ಬರುವವಳು. ಅವಳು ಯಾರನ್ನೂ ಅಂಗಲಾಚದೆ ಅಭ್ಯಾಸಕ್ಕೆ ಬಂದು ನುಡಿಸಿ ಹೋಗುವಂತಿರಬೇಕು. ಚಂದಾ ಕೊಟ್ಟವರೆಲ್ಲರ ಸಾಮಾನು ಚಂದಾ ಕೊಟ್ಟವರೆಲ್ಲರ ಕೈಗೂ ಎತ್ತಬೇಕು. ಇದು ನನ್ನ ಮೊದಲ ಷರತ್ತು, ನಾದ ಎರಡನೆಯದು.

ಹಗುರವೂ ಆಗಬೇಕು, ಮಂದ್ರವೂ ಬರಬೇಕು, ಜೋರೂ ಆಗಬೇಕು ಎಂದರೆ ವಿಜ್ಞಾನ ಒಪ್ಪುವುದಿಲ್ಲ. ಹಾಫ್‌ಮನ್ ಎಂಬ ಅಮೆರಿಕದ ಸ್ಪೀಕರ್ ತಜ್ಞನ ಹೆಸರಿನಲ್ಲಿ ಒಂದು 'ಕಬ್ಬಿಣದ ನಿಯಮ'ವೇ ಇದೆ: ಸಣ್ಣ ಪೆಟ್ಟಿಗೆ, ಆಳದ ಸ್ವರ, ಕಡಿಮೆ ವ್ಯಾಟಿಗೆ ಹೆಚ್ಚು ಶಬ್ದ, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಿ, ಮೂರನೆಯದನ್ನು ಬಿಡಿ. ನಾನು ಬಿಡಲು ಸಿದ್ಧವಿರುವುದು ತೀರ ಆಳದ ಸ್ವರವನ್ನು. 41ರ ಕಂಪನ ಕ್ಷೀಣವಾದರೂ ಅದರ ಇಮ್ಮಡಿಯಾದ 82 ಚೆನ್ನಾಗಿ ಬಂದರೆ ಕಿವಿ ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಎಷ್ಟೋ ಹೆಸರಾಂತ ಬಾಸ್ ಪೆಟ್ಟಿಗೆಗಳು ಬದುಕುತ್ತಿರುವುದೇ ಕಿವಿಯ ಈ ಉಪಕಾರದ ಮೇಲೆ.

ಆದ್ದರಿಂದ ಒಂದು ದೊಡ್ಡ ಪೆಟ್ಟಿಗೆಗೆ ಬದಲು ಒಂದೇ ಮಾದರಿಯ ಎರಡು ಸಣ್ಣ ಪೆಟ್ಟಿಗೆ ಬೇಕೆಂದು ನನ್ನ ವಾದ. ಒಂದೊಂದರಲ್ಲಿ ಹನ್ನೆರಡಿಂಚಿನ ಒಂದೊಂದು ಸ್ಪೀಕರ್ ಸಾಕು. ಅಯಸ್ಕಾಂತ ನಿಯೋಡಿಮಿಯಂನದಾದರೆ ತೂಕ ಬಹಳ ಇಳಿಯುತ್ತದೆ. ಈ ವರ್ಷ ಒಂದನ್ನು ಕೊಳ್ಳೋಣ, ಮುಂದಿನ ವರ್ಷ ಅಂಥದೇ ಇನ್ನೊಂದನ್ನು. ಅಭ್ಯಾಸಕ್ಕೆ ಒಂದು, ಕಲ್ಯಾಣ ಮಂಟಪಕ್ಕೆ ಎರಡು. ಎರಡನ್ನು ಒಂದರ ಮೇಲೊಂದು ಇಟ್ಟರೆ ಗಾಳಿ ನೂಕುವ ಜಾಗ ಇಮ್ಮಡಿಯಾಗುತ್ತದೆ, ಮೇಲಿನದು ನುಡಿಸುವವಳ ಕಿವಿಗೂ ಹತ್ತಿರವಾಗುತ್ತದೆ.

ಇಲ್ಲಿ ಓಮಿನ ಲೆಕ್ಕ ತಪ್ಪಬಾರದು. ಓಮ್ ಎಂದರೆ ಸ್ಪೀಕರು ಕರೆಂಟಿಗೆ ಒಡ್ಡುವ ತಡೆ. ಟ್ರಾನ್ಸಿಸ್ಟರಿನ ಬಾಸ್ ಆಂಪುಗಳಲ್ಲಿ ಬಹಳಷ್ಟು 4 ಓಮಿಗಿಂತ ಕೆಳಗೆ ಇಳಿಯಬಾರದವು. 8 ಓಮಿನ ಎರಡು ಪೆಟ್ಟಿಗೆ ಸೇರಿಸಿದರೆ 4 ಆಗುತ್ತದೆ, ಸರಿಹೋಯಿತು. 4 ಓಮಿನ ಎರಡು ಸೇರಿಸಿದರೆ 2 ಆಗುತ್ತದೆ. ಆಂಪು ಕಾದು ನಿಂತುಹೋದೀತು, ಇಲ್ಲವೇ ಸುಟ್ಟೀತು. ಹೀಗಾಗಿ ಮೊದಲ ಪೆಟ್ಟಿಗೆಯನ್ನೇ 8 ಓಮಿನದು ತರಬೇಕು. ಒಂದೇ ಪೆಟ್ಟಿಗೆ ಇರುವಷ್ಟು ದಿನ ಆಂಪಿನ ಪೂರ್ತಿ ವ್ಯಾಟ್ ಸಿಗುವುದಿಲ್ಲ, ಅರ್ಧಕ್ಕಿಂತ ತುಸು ಹೆಚ್ಚು ಸಿಕ್ಕೀತು. ಅದಕ್ಕೆ ಗಾಬರಿಯಾಗುವುದು ಬೇಡ, 3 ಡೆಸಿಬೆಲಿನ ಕಥೆ ಮೇಲೆ ಹೇಳಿದ್ದೇನೆ. ಆಂಪಿನಿಂದ ಪೆಟ್ಟಿಗೆಗೆ ಸ್ಪೀಕರ್ ತಂತಿಯನ್ನೇ ಹಾಕಬೇಕು. ಗಿಟಾರಿನ ಸಣ್ಣ ಕೇಬಲ್ ಆ ಕರೆಂಟಿಗೆ ಆಗದು.

ಆಂಪಿನ ವಿಷಯಕ್ಕೆ ಹೆಚ್ಚು ಬರೆಯುವುದಿಲ್ಲ. ಈಗಿನ ಕ್ಲಾಸ್-ಡಿ ಆಂಪುಗಳು ಎರಡು ಮೂರು ಕಿಲೋ ತೂಗುತ್ತವೆ, ಪುಸ್ತಕದ ಚೀಲದಲ್ಲಿ ಹೋಗುತ್ತವೆ. 4 ಓಮಿಗೆ 300 ವ್ಯಾಟ್ ಇದ್ದರೆ ನಮಗೆ ಧಾರಾಳ. ಹಿಂದುಗಡೆ ಡಿ.ಐ. ಎಂಬ ಕಿಂಡಿ ಮಾತ್ರ ಇರಲೇಬೇಕು. ದೊಡ್ಡ ಸಭಾಂಗಣದಲ್ಲಿ ಅಲ್ಲಿಂದ ನೇರ ಮಿಕ್ಸರಿಗೆ ತಂತಿ ಎಳೆದರೆ ಸಭಿಕರಿಗೆ ಬಾಸ್ ಮುಟ್ಟಿಸುವ ಹೊರೆ ಅವರ ಸ್ಪೀಕರುಗಳದ್ದು. ನಮ್ಮ ಪೆಟ್ಟಿಗೆ ವೇದಿಕೆಯವರಿಗೆ ಕೇಳಿಸಿದರೆ ಸಾಕು.

"ಹಾಗಿದ್ದರೆ ಮೈಕ್‌ಸೆಟ್ಟಿನವನ ಮೇಲೇ ಬಿಟ್ಟುಬಿಡೋಣ, ಪೆಟ್ಟಿಗೆಯೇ ಬೇಡ" ಎಂದು ಖಜಾಂಚಿಗಳು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ನಮ್ಮ ಬಡ್ಜೆಟ್ಟಿಗೆ ಬರುವ ಮೈಕ್‌ಸೆಟ್ ಭಾಷಣಕ್ಕೆಂದು ಇರುವುದು. ಕಹಳೆ ಸ್ಪೀಕರುಗಳಲ್ಲಿ ಮಾತು ಅರ್ಧ ಮೈಲಿ ಹೋಗುತ್ತದೆ. ಬಾಸಿನ ಕೆಳ ಸ್ವರಗಳು ಬಾಯಿಯಿಂದ ಹೊರಗೇ ಬರುವುದಿಲ್ಲ. ಕಳೆದ ವರ್ಷ ಬಾಡಿಗೆ ಮೈಕ್‌ಸೆಟ್ಟಿನಲ್ಲಿ ನಾವು ಹಾಡಿದಾಗ ಬಾಸ್ ನುಡಿಸುವವಳ ಬೆರಳು ಕಾಣಿಸಿತೇ ಹೊರತು ಸ್ವರ ಕೇಳಿಸಲಿಲ್ಲ. ಸಭಿಕರು ದೂರಲಿಲ್ಲ, ಏಕೆಂದರೆ ಏನು ಇಲ್ಲವೆಂದು ಅವರಿಗೆ ಗೊತ್ತಾಗಲಿಲ್ಲ. 'ಏನೋ ಸಪ್ಪೆ' ಎಂದುಕೊಂಡು ಮನೆಗೆ ಹೋದರು.

ಹಳೆಯದು ಸಿಕ್ಕರೆ ಹಳೆಯದನ್ನೇ ತರೋಣ, ನಾಚಿಕೆ ಬೇಡ. ಆದರೆ ಪರೀಕ್ಷೆ ಮಾಡಿ ತರಬೇಕು. ಕೆಳಗಿನ ತಂತಿಯಿಂದ ಶುರುಮಾಡಿ ಒಂದೊಂದೇ ಮನೆ ಏರುತ್ತಾ ನಿಧಾನವಾಗಿ ನುಡಿಸಿ. ಎಲ್ಲಿಯಾದರೂ 'ಬುರ್ರ್' ಎಂದರೆ ತಿರುಪು ಸಡಿಲ, ಇಲ್ಲವೇ ಸ್ಪೀಕರ್ ಕೆಟ್ಟಿದೆ. ಸ್ಪೀಕರಿನ ಕಾಗದವನ್ನು ಎರಡೂ ಅಂಗೈಯಿಂದ ಸಮನಾಗಿ, ಮೆಲ್ಲಗೆ ಒತ್ತಿ. ಕೆರೆದ ಸದ್ದಾದರೆ ಬೇಡ. ಸುಟ್ಟ ವಾಸನೆ ಬಂದರೂ ಬೇಡ. ಪೆಟ್ಟಿಗೆಯ ಮೂಲೆಗಳನ್ನು ನೋಡಿ: ಮರದ ಪುಡಿ ಒತ್ತಿ ಮಾಡಿದ ಹಲಗೆಯಾದರೆ ಈ ಸಮುದ್ರದ ಊರಿನ ತೇವಕ್ಕೆ ಊದಿಕೊಳ್ಳುತ್ತದೆ, ಪ್ಲೈವುಡ್ ಬಾಳುತ್ತದೆ. ರಿಚಿ ಸ್ಟ್ರೀಟಿನಲ್ಲಿ ಬಿಡಿ ಸ್ಪೀಕರ್ ತಂದು ಬಡಗಿಯಿಂದ ಪೆಟ್ಟಿಗೆ ಮಾಡಿಸೋಣ ಎಂಬ ಸಲಹೆಯೂ ಬಂದಿದೆ. ಒಳಗಿನ ಗಾಳಿಯ ಪ್ರಮಾಣ, ಮುಂದಿನ ತೂತಿನ ಅಳತೆ ಆ ಸ್ಪೀಕರಿಗೆ ಹೊಂದಿದರೆ ಮಾತ್ರ ಅದು ಆಗುವ ಕೆಲಸ. ಆ ಲೆಕ್ಕ ಬಲ್ಲವರು ನಮ್ಮ ಭೌತಶಾಸ್ತ್ರದ ಗೆಳೆಯರಲ್ಲಿ ಇದ್ದರೆ ಮುಂದೆ ಬರಲಿ.

ಜೋರಿನ ಬಗ್ಗೆ ಕೊನೆಯ ಮಾತು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಸಲ್ಲದು. ಮಂದ್ರ ಸ್ವರಕ್ಕೆ ಗೋಡೆ ಅಡ್ಡಿಯಲ್ಲ. ನಮ್ಮ ಹಾಡಿನ ಕನ್ನಡ ಪಕ್ಕದ ಮನೆಗೆ ಕೇಳಿಸುವುದಿಲ್ಲ, 'ದುಮ್ ದುಮ್' ಮಾತ್ರ ಕೇಳಿಸುತ್ತದೆ. ಮಾರುಕಟ್ಟೆಯಲ್ಲಿ ರಾತ್ರಿಯಿಡೀ ದುಡಿದು ಸಂಜೆ ಹೊತ್ತು ಮಲಗಿರುವವರು ನಮ್ಮ ಸುತ್ತ ಎಷ್ಟೋ ಜನ. ಐನೂರು ವ್ಯಾಟ್ ಬೇಡವೆನ್ನಲು ಇದೂ ಒಂದು ಕಾರಣ.

ನನ್ನ ಸೂಚನೆ ಇಷ್ಟು: ಈ ವರ್ಷ 8 ಓಮಿನ ಒಂದು ಪೆಟ್ಟಿಗೆ, ಒಂದು ಸಣ್ಣ ಆಂಪು, ಮುಂದಿನ ವರ್ಷ ಅದೇ ಮಾದರಿಯ ಇನ್ನೊಂದು ಪೆಟ್ಟಿಗೆ. ಸಾಮಾನು ಸಂಘದ ಕೋಣೆಯಲ್ಲಿರಲಿ, ಬೀಗದ ಕೈ ನುಡಿಸುವವರ ಹತ್ತಿರವಿರಲಿ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ. ಬರುವ ಸಭೆಯಲ್ಲಿ ಎದುರಿಗೇ ಹೇಳಿದರೆ ಇನ್ನೂ ಸಂತೋಷ. ಆದರೆ ವ್ಯಾಟಿನ ಪಕ್ಷದವರು ಕೈಯೆತ್ತುವ ಮುನ್ನ 60 ಕಿಲೋ ಪೆಟ್ಟಿಗೆಯನ್ನು ಎರಡನೆಯ ಮಹಡಿಗೆ ಹೊರುವವರು ಯಾರೆಂದು ಹೆಸರು ಸಮೇತ ತಿಳಿಸಬೇಕಾಗಿ ವಿನಂತಿ.