ಚೇಳಿನ ಕಥೆಗೆ ಹುಡುಗಿ ಏಕೆ ಹೊಣೆ?

ವೃಶ್ಚಿಕ ರಾಶಿಯವರು ಹಟಮಾರಿಗಳು, ಗುಟ್ಟು ಬಿಟ್ಟುಕೊಡದವರು, ಒಮ್ಮೆ ನೊಂದರೆ ಸೇಡು ಮರೆಯದವರು ಎಂದು ಭವಿಷ್ಯದ ಅಂಕಣಗಳು ದಶಕಗಳಿಂದ ಹೇಳುತ್ತ ಬಂದಿವೆ. ಓದಿ, ನಕ್ಕು, ಪತ್ರಿಕೆ ಮಡಚಿಡುವ ಮಾತಷ್ಟೇ ಆಗಿದ್ದರೆ ಆಕ್ಷೇಪಕ್ಕೆ ಕಾರಣವಿರಲಿಲ್ಲ. ಆದರೆ ಆರ್‌ಪಿಸಿ ಲೇಔಟ್‌ನಂಥ ಮಧ್ಯಮವರ್ಗದ ಬಡಾವಣೆಗಳಲ್ಲಿ ಹುಡುಗಿಯ ಓದು, ಉದ್ಯೋಗ ವಿಚಾರಿಸುವ ಮೊದಲೇ ಆಕೆಯ ರಾಶಿ, ನಕ್ಷತ್ರ ಕೇಳುವ ಮನೆಗಳು ಇಂದಿಗೂ ಇವೆ. ವಿಶಾಖದ ಕೊನೆಯ ಪಾದ, ಅನೂರಾಧ ಮತ್ತು ಜ್ಯೇಷ್ಠಾ ಸೇರಿ ವೃಶ್ಚಿಕ. ವಿಶಾಖದವಳು ಮೈದುನನಿಗೆ, ಜ್ಯೇಷ್ಠೆಯವಳು ಭಾವನಿಗೆ ಆಗಿಬರುವುದಿಲ್ಲ ಎಂಬ ನಂಬಿಕೆಯಿಂದ, ವರನಿಗೆ ಅಣ್ಣನೋ ತಮ್ಮನೋ ಇದ್ದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಅಳಿಯನ ನಕ್ಷತ್ರದಿಂದ ನಾದಿನಿಗೆ ಕೇಡೆಂದು ಸಂಬಂಧ ಮುರಿದದ್ದನ್ನು ಕೇಳಿದವರು ವಿರಳ.

ಈ ಚೇಳಾದರೂ ಎಲ್ಲಿಂದ ಬಂತು? ವೇದಕಾಲದವರು ಎಣಿಸಿದ್ದು ನಕ್ಷತ್ರಗಳನ್ನು, ಹನ್ನೆರಡು ರಾಶಿಗಳನ್ನಲ್ಲ. ಬ್ಯಾಬಿಲೋನಿಯಾದಲ್ಲಿ ರೂಪುಗೊಂಡ ರಾಶಿಚಕ್ರ ಗ್ರೀಕರ ಮೂಲಕ ಇತ್ತ ಬಂತು. ವರಾಹಮಿಹಿರನ ‘ಬೃಹಜ್ಜಾತಕ’ದಲ್ಲಿ ವೃಶ್ಚಿಕಕ್ಕೆ ‘ಕೌರ್ಪ್ಯ’ ಎಂಬ ಹೆಸರೂ ಉಂಟು. ಗ್ರೀಕಿನ ‘ಸ್ಕಾರ್ಪಿಯೋಸ್’ ತೊಟ್ಟ ಸಂಸ್ಕೃತ ವೇಷ ಅದು. ಯವನರ ಋಣವನ್ನು ಆತ ಮುಚ್ಚಿಡಲಿಲ್ಲ. 1049ರಲ್ಲಿ ಶ್ರೀಧರಾಚಾರ್ಯ ಕನ್ನಡದಲ್ಲಿ ‘ಜಾತಕತಿಲಕ’ ಬರೆಯುವ ಹೊತ್ತಿಗೆ ಅತಿಥಿ ಮನೆಯವನೇ ಆಗಿದ್ದ.

ಗ್ರೀಕರ ಕಥೆಯನ್ನೇ ನೋಡೋಣ. ಒರಾಯನ್ ಎಂಬ ದೈತ್ಯ ಬೇಟೆಗಾರ ಭೂಮಿಯ ಮೇಲಿನ ಪ್ರಾಣಿಗಳನ್ನೆಲ್ಲ ಕೊಂದುಬಿಡುವೆನೆಂದು ಕೊಚ್ಚಿಕೊಂಡ. ಭೂದೇವಿ ಗಾಯಾ ಚೇಳನ್ನು ಕಳುಹಿಸಿದಳು. ಅದು ಕುಟುಕಿ ಆತ ಸತ್ತ. ಇನ್ನೊಂದು ಪಾಠದಲ್ಲಿ, ತನ್ನ ಮೇಲೆ ಕೈಮಾಡಿದವನ ಮೇಲೆ ಆರ್ಟೆಮಿಸ್ ದೇವಿಯೇ ಚೇಳನ್ನು ಬಿಟ್ಟಳು. ಇಬ್ಬರೂ ನಕ್ಷತ್ರಗಳಾದರು, ಇಂದಿಗೂ ಚೇಳು ಮೂಡಿದರೆ ಒರಾಯನ್ ಪಡುವಣದಲ್ಲಿ ಮರೆಯಾಗುತ್ತಾನೆ. (ಅದೇ ತಾರೆಗಳಲ್ಲಿ ನಮ್ಮವರು ಕಂಡದ್ದು ಬೇಟೆಗಾರನನ್ನಲ್ಲ, ಬಾಣ ನಾಟಿದ ಜಿಂಕೆಯನ್ನು.) ಎರಡು ಪಾಠಗಳಲ್ಲೂ ಅಪರಾಧ ಬೇಟೆಗಾರನದು. ಚೇಳಿಗೆ ಸ್ವಂತ ಹಗೆಯಿಲ್ಲ. ಅದು ಕಾವಲಿಗೆ ಬಂದದ್ದು. ಅದರಿಂದ ‘ಸೇಡಿನ ಸ್ವಭಾವ’ವನ್ನು ಹೆಕ್ಕಿದವರು ಕಥೆಯನ್ನು ಅರ್ಧ ಕೇಳಿ ಎದ್ದವರಿರಬೇಕು. ನಮ್ಮ ಜನಪದರೇ ವಾಸಿ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಪೂಜೆಯುಂಟು. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರಪಂಚಮಿಯಂದು ಮಕ್ಕಳೂ ಚೇಳನ್ನು ಮೈಮೇಲೆ ಬಿಟ್ಟುಕೊಳ್ಳುತ್ತಾರೆ. ಅನುಕರಿಸಿ ಎನ್ನುತ್ತಿಲ್ಲ.

ಇನ್ನು ಆಕಾಶದ ಲೆಕ್ಕ. ಪಾಶ್ಚಾತ್ಯ ಅಂಕಣಗಳ ಪ್ರಕಾರ ಸೂರ್ಯ ವೃಶ್ಚಿಕದಲ್ಲಿರುವುದು ಅಕ್ಟೋಬರ್ 23ರ ಸುಮಾರಿನಿಂದ ನವೆಂಬರ್ 21ರವರೆಗೆ. ನಮ್ಮ ಪಂಚಾಂಗದಂತೆ ನವೆಂಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ. ಖಗೋಳಶಾಸ್ತ್ರಜ್ಞರು ಗುರುತಿಸಿದ ಗಡಿಯೊಳಗಾದರೋ ಸೂರ್ಯ ಇರುವುದು ನವೆಂಬರ್ ಕೊನೆಯ ಒಂದು ವಾರ ಮಾತ್ರ. ಭೂಮಿಯ ಅಕ್ಷ ಬುಗುರಿಯಂತೆ ತೊನೆಯುವುದರಿಂದ ಸುಮಾರು 72 ವರ್ಷಕ್ಕೊಂದು ಡಿಗ್ರಿಯಂತೆ ಸರಿದು, ಎರಡು ಪದ್ಧತಿಗಳ ಅಂತರ ಈಗ 24 ಡಿಗ್ರಿ ಮುಟ್ಟಿದೆ. ಜನ್ಮರಾಶಿಯಂತೂ ಸೂರ್ಯನದಲ್ಲ, ಚಂದ್ರನದು. ನವೆಂಬರ್ ಮೊದಲ ವಾರ ಹುಟ್ಟಿದವಳು ಒಂದು ಅಂಕಣಕ್ಕೆ ಚೇಳು, ಪಂಚಾಂಗದ ಸೂರ್ಯನಿಗೆ ತಕ್ಕಡಿ, ಚಂದ್ರನಿಗೆ ಮತ್ತೇನೋ. ಆಕೆಯ ಸ್ವಭಾವ ಯಾವುದೆಂದು ನಂಬುವುದು?

ಭಾವನಿಗೆ ಆಗದೆಂಬ ಜ್ಯೇಷ್ಠೆ ಬೇಸಗೆಯ ಇರುಳು ದಕ್ಷಿಣದ ಬಾನಿನಲ್ಲಿ ಕೆಂಪಗೆ ಕಾಣುವ ತಾರೆ. ಮಂಗಳನ ಎದುರಾಳಿಯೆಂಬ ಅರ್ಥದಲ್ಲಿ ಗ್ರೀಕರು ಅದನ್ನು ಆಂಟಾರಿಸ್ ಎಂದರು. ಅದು ಸುಮಾರು 550 ಜ್ಯೋತಿರ್ವರ್ಷ ದೂರದಲ್ಲಿದೆ. ಆರ್‌ಪಿಸಿ ಲೇಔಟ್‌ಗೆ ಹಂಪಿನಗರ ಎಂಬ ಹೆಸರೂ ಇದೆಯಷ್ಟೆ. ಇಲ್ಲಿನ ತಾರಸಿಗಳ ಮೇಲೆ ಈಗ ಬೀಳುವ ಆ ತಾರೆಯ ಬೆಳಕು ಹೊರಟಾಗ ಹಂಪಿಯಲ್ಲಿ ವಿಜಯನಗರದ ಅರಸರು ಆಳುತ್ತಿದ್ದರು. ಆ ಬೆಳಕು ಇಲ್ಲಿಯ ಯಾವುದೋ ಮನೆಯ ಹಿರಿಮಗನ ಆಯುಸ್ಸನ್ನು ಮೊಟಕುಗೊಳಿಸೀತೆಂಬುದು ಆಕಾಶದ ಮೇಲೆಯೇ ಹೊರಿಸಿದ ಅಪವಾದ.

ಜಾತಕ ನೋಡುವುದನ್ನೇ ಬಿಡಿ ಎಂದರೆ ಕೇಳುವವರು ಕಡಿಮೆ. ಮಾತುಕತೆಗೆ ಕುಳಿತ ಹಿರಿಯರು ಭಾವನಾಗಲಿರುವ ಆ ಅಣ್ಣನನ್ನಾದರೂ ಒಮ್ಮೆ ಕೇಳಲಿ: ತನ್ನ ಜೀವದ ಹೆಸರಿನಲ್ಲಿ ಒಬ್ಬ ಹುಡುಗಿಯನ್ನು ಬೇಡವೆನ್ನುವುದು ಆತನಿಗೆ ಒಪ್ಪಿಗೆಯೇ ಎಂದು.