ಮನೆಯ ಚಿತ್ರಮಂದಿರಕ್ಕೊಂದು ಕಿರಿಯ ಮದರ್‌ಬೋರ್ಡ್

ಮನೆ ಕಟ್ಟುವವನು ಗೋಡೆಯ ಬಣ್ಣವನ್ನು ಯಾವಾಗಲಾದರೂ ಬದಲಿಸಬಹುದು; ಅಡಿಪಾಯವನ್ನು ಬದಲಿಸಲಾರ. ಆದುದರಿಂದ ಮುಂದೆ ತಿದ್ದಲಾಗದುದನ್ನು ಮೊದಲು ಪರೀಕ್ಷಿಸಿ, ತಿದ್ದಬಹುದಾದುದನ್ನು ಅನಂತರಕ್ಕೆ ಬಿಡುವುದು ವಿವೇಕಿಗಳ ಕ್ರಮ. ಟಿ.ವಿ.ಯ ಪಕ್ಕದಲ್ಲಿಟ್ಟು ಚಿತ್ರ, ಸಂಗೀತ, ಪ್ರವಚನಗಳನ್ನು ನೋಡಿ ಕೇಳುವ ಸಲುವಾಗಿ ಸಣ್ಣದೊಂದು ಕಂಪ್ಯೂಟರನ್ನು ಜೋಡಿಸಬೇಕೆಂದಿರುವ ಗೃಹಸ್ಥರಿಗೂ ಇದೇ ಕ್ರಮ ಹಿತಕರವಾದುದು. ಅದರ ಅಡಿಪಾಯವೇ ಮದರ್‌ಬೋರ್ಡ್. ಕನ್ನಡಿಸಿ ಹೇಳುವುದಾದರೆ ತಾಯಿಹಲಗೆ. ಪ್ರೊಸೆಸರ್, ಮೆಮೊರಿ, ಡಿಸ್ಕುಗಳೆಲ್ಲವೂ ಅದರ ಮಡಿಲಲ್ಲಿಯೇ ನೆಲೆಗೊಳ್ಳುವುದರಿಂದ ಆ ಹೆಸರು ಅನ್ವರ್ಥವೇ ಆಗಿದೆ.

ಇಂಥ ಕಂಪ್ಯೂಟರು ನಮಗೆ ಬೇಕೇ ಎಂಬುದನ್ನು ಮೊದಲು ವಿಚಾರಿಸಬೇಕು. ಅಂತರಜಾಲದಿಂದ ಬರುವ ಚಲನಚಿತ್ರಗಳನ್ನು ಮಾತ್ರ ನೋಡುವ ಮನೆಗೆ ಈಗಿನ ಸ್ಮಾರ್ಟ್ ಟಿ.ವಿ.ಯೇ ಸಾಕು; ಹೆಚ್ಚೆಂದರೆ ಟಿ.ವಿ.ಯ ಹಿಂಬದಿಗೆ ಸಿಕ್ಕಿಸುವ ಬೆರಳುದ್ದದ ಕಡ್ಡಿಯೊಂದು ಸಾಕು. ಮದುವೆಯ ಹಳೆಯ ಕ್ಯಾಸೆಟ್ಟುಗಳನ್ನು ಡಿಸ್ಕಿಗಿಳಿಸಿಟ್ಟವರು, ಅಗಲಿದ ಹಿರಿಯರ ಧ್ವನಿಯನ್ನು ಕಾಪಿಟ್ಟವರು, ಹಾಡು ಉಪನ್ಯಾಸಗಳ ಭಂಡಾರವುಳ್ಳವರು, ಅದೆಲ್ಲವನ್ನೂ ಮನೆಮಂದಿ ಒಟ್ಟಿಗೆ ಕುಳಿತು ನೋಡಬೇಕೆನ್ನುವವರು ಇವರಿಗೆ ಮಾತ್ರ ಕಂಪ್ಯೂಟರು ಸಾರ್ಥಕ. ಇಂಥ ಸಂಗ್ರಹವನ್ನು ಓರಣವಾಗಿಟ್ಟು ತೋರಿಸಲು ಕೋಡಿ ಎಂಬ ಉಚಿತ ತಂತ್ರಾಂಶವಿದೆ. 2014ರ ವರೆಗೆ ಅದಕ್ಕೆ ಎಕ್ಸ್‌ಬಿಎಂಸಿ ಎಂದು ಹೆಸರಿತ್ತು.

ಇನ್ನು ಅಳತೆಯ ಮಾತು. 1995ರಲ್ಲಿ ಇಂಟೆಲ್ ಸಂಸ್ಥೆ ರೂಪಿಸಿದ ಎಟಿಎಕ್ಸ್ ಬೋರ್ಡು 305 ಮಿ.ಮೀ. ಉದ್ದ, 244 ಮಿ.ಮೀ. ಅಗಲವುಳ್ಳದ್ದು. 1997ರಲ್ಲಿ ಬಂದ ಮೈಕ್ರೋ ಎಟಿಎಕ್ಸ್ ಎರಡೂ ಕಡೆ 244 ಮಿ.ಮೀ. ಮೀರದ ಚೌಕ. 2001ರಲ್ಲಿ ತೈವಾನಿನ ವಿಯಾ ಸಂಸ್ಥೆ ಮಿನಿ ಐಟಿಎಕ್ಸ್ ಎಂಬ 170 ಮಿ.ಮೀ. ಚೌಕವನ್ನು ಪ್ರಕಟಿಸಿತು. ಗೇಣಗಲವನ್ನೂ ಮೀರದ ಈ ಬೋರ್ಡು ಟಿ.ವಿ. ಮೇಜಿನ ಮೇಲೆ ಕೂರುವ ಪೆಟ್ಟಿಗೆಗೆ ಹೇಳಿ ಮಾಡಿಸಿದಂತಿದೆ. ಆದರೆ ಕಿರಿದಾಗುವುದಕ್ಕೂ ಬೆಲೆ ತೆರಬೇಕು. ದೊಡ್ಡ ಬೋರ್ಡಿನಲ್ಲಿ ಮುಂದೆ ಬೇರೆ ಕಾರ್ಡುಗಳನ್ನು ಸೇರಿಸಲು ಹಲವು ಸ್ಲಾಟುಗಳಿರುತ್ತವೆ. ಮಿನಿ ಐಟಿಎಕ್ಸ್‌ನಲ್ಲಿರುವುದು ಸಾಮಾನ್ಯವಾಗಿ ಒಂದೇ. ತೆಳುವಾದ ಪೆಟ್ಟಿಗೆಯಲ್ಲಿ ಆ ಒಂದಕ್ಕೂ ಎಡೆ ಇರದು. ಮೆಮೊರಿಯನ್ನು ಮುಂದೆ ಹೆಚ್ಚಿಸಬಹುದು, ಡಿಸ್ಕನ್ನು ಬದಲಿಸಬಹುದು. ಬೋರ್ಡಿಗೆ ಬೆಸುಗೆಯಾಗಿ ಬಂದ ಕಿಂಡಿಗಳನ್ನು ಮಾತ್ರ ಬದಲಿಸಲಾಗದು. ಆದಕಾರಣ ಪರೀಕ್ಷೆ ಅಲ್ಲಿಂದಲೇ ಮೊದಲಾಗಬೇಕು.

ಮೊದಲನೆಯ ಪರೀಕ್ಷೆ ಎಚ್‌ಡಿಎಂಐ ಕಿಂಡಿಯದು. ಚಿತ್ರವೂ ಧ್ವನಿಯೂ ಟಿ.ವಿ.ಗೆ ಹರಿಯುವುದು ಇದರ ಮೂಲಕವೇ. ಹೊರನೋಟಕ್ಕೆ ಎಲ್ಲ ಕಿಂಡಿಗಳೂ ಒಂದೇ. ಸತ್ತ್ವದಲ್ಲಿ ಬೇರೆ ಬೇರೆ. 2009ರ 1.4ನೆಯ ಆವೃತ್ತಿಯು 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳುಹಿಸಬಲ್ಲದು, 2013ರ 2.0 ಆವೃತ್ತಿಯು 60 ಸಲ ಕಳುಹಿಸಬಲ್ಲದು. ಚಲನಚಿತ್ರ ಸೆಕೆಂಡಿಗೆ 24 ಚೌಕಟ್ಟುಗಳದಾದುದರಿಂದ ಹಳೆಯ ಕಿಂಡಿಯಲ್ಲಿಯೂ ಓಡೀತು. ಆದರೆ ಕ್ರಿಕೆಟ್ ಆಟದಂಥ ವೇಗದ ದೃಶ್ಯ ತಡವರಿಸುತ್ತದೆ. ಬೆಳಕು ನೆರಳುಗಳ ಅಂತರವನ್ನು ಹೆಚ್ಚಿಸಿ ತೋರಿಸುವ ಎಚ್‌ಡಿಆರ್ ಎಂಬ ಗುಣವೂ ಆ ಹಳೆಯ ಆವೃತ್ತಿಯಲ್ಲಿ ದೊರೆಯದು. ಇಂಟೆಲ್‌ನ 10ನೆಯ ತಲೆಮಾರಿನವರೆಗಿನ ಬೋರ್ಡುಗಳಲ್ಲಿ ಹಲವಕ್ಕೆ 1.4ರ ಕಿಂಡಿಯೇ ಇತ್ತು. ಹಳೆಯ ಬೋರ್ಡನ್ನು ಅಗ್ಗಕ್ಕೆ ಕೊಳ್ಳುವವರು ಇದನ್ನು ತಪ್ಪದೆ ಗಮನಿಸಬೇಕು. ಮನೆಯಲ್ಲಿ ಹಳೆಯ ಹೋಮ್ ಥಿಯೇಟರ್ ಆಂಪ್ಲಿಫೈಯರ್ ಇದ್ದರೆ ಬೋರ್ಡಿನ ಹಿಂಬದಿಯಲ್ಲಿ ಧ್ವನಿಯ ಆಪ್ಟಿಕಲ್ ಕಿಂಡಿ ಇದೆಯೇ ಎಂಬುದನ್ನೂ ನೋಡಬೇಕು; ಸಣ್ಣ ಬೋರ್ಡುಗಳಲ್ಲಿ ಎಷ್ಟೋ ವೇಳೆ ಅದು ಇರುವುದಿಲ್ಲ.

ಎರಡನೆಯ ಪರೀಕ್ಷೆ ಪ್ರೊಸೆಸರಿನದು. ಚಿತ್ರಗಳನ್ನು ಸಂಗ್ರಹಿಸುವಾಗ ಪೆಟ್ಟಿಗೆಯಲ್ಲಿ ಸೀರೆ ಮಡಿಸಿಟ್ಟಂತೆ ಅಡಕಗೊಳಿಸಿರುತ್ತಾರೆ. ತೋರಿಸುವಾಗ ಕ್ಷಣಕ್ಷಣಕ್ಕೂ ಬಿಡಿಸಬೇಕು. ಮಡಿಸುವ ವಿಧಾನಗಳು ಕಾಲಕಾಲಕ್ಕೆ ಬದಲಾಗಿವೆ. 2003ರಲ್ಲಿ ಎಚ್.264, 2013ರಲ್ಲಿ ಎಚ್‌ಇವಿಸಿ, 2018ರಲ್ಲಿ ಎವಿ1 ಬಂದವು. ಪ್ರೊಸೆಸರಿನೊಳಗೆ ಇದಕ್ಕೆಂದೇ ಮೀಸಲಾದ ಭಾಗವಿದ್ದರೆ ಬಿಡಿಸುವ ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಇಲ್ಲವಾದರೆ ಇಡೀ ಪ್ರೊಸೆಸರ್ ದುಡಿದು ಕಾಯುತ್ತದೆ, ಫ್ಯಾನು ಅಬ್ಬರಿಸುತ್ತದೆ, ಚಿತ್ರ ಮುಗ್ಗರಿಸುತ್ತದೆ. ಇಂಟೆಲ್‌ನಲ್ಲಿ 10 ಬಿಟ್ಟಿನ ಎಚ್‌ಇವಿಸಿಯನ್ನು ಪೂರ್ಣವಾಗಿ ಬಿಡಿಸುವ ಶಕ್ತಿ 7ನೆಯ ತಲೆಮಾರಿನಿಂದಲೂ, ಎವಿ1 ಬಿಡಿಸುವ ಶಕ್ತಿ 11ನೆಯ ತಲೆಮಾರಿನಿಂದಲೂ ಬಂದಿತು. ಎಎಂಡಿಯಲ್ಲಿ ರೈಜನ್ 5000ಜಿ ಸರಣಿಗೆ ಎಚ್‌ಇವಿಸಿ ತಿಳಿದಿದೆ, ಎವಿ1 ತಿಳಿಯದು. 2022ರ 7000 ಸರಣಿಯ ಮೇಜಿನ ಪ್ರೊಸೆಸರುಗಳಿಗೆ ಎರಡೂ ತಿಳಿದಿವೆ. ಹೆಸರಿನ ಕೊನೆಗೆ 'ಎಫ್' ಅಕ್ಷರವುಳ್ಳ ಪ್ರೊಸೆಸರಿನ ಬೆಲೆ ಕೊಂಚ ಕಡಿಮೆ. ಅದರಲ್ಲಿ ಚಿತ್ರ ತೋರಿಸುವ ಭಾಗವೇ ಇರುವುದಿಲ್ಲ. ಅದನ್ನು ಕೂರಿಸಿದರೆ ಬೋರ್ಡಿನ ಎಚ್‌ಡಿಎಂಐ ಕಿಂಡಿ ಇದ್ದೂ ಇಲ್ಲದಂತೆ. ಅಗ್ಗವೆಂದು ಅದನ್ನು ಕೊಂಡವರು ಗ್ರಾಫಿಕ್ಸ್ ಕಾರ್ಡಿಗಾಗಿ ಮತ್ತೆ ಹಣ ತೆರಬೇಕಾಗುತ್ತದೆ.

ಮೂರನೆಯದು ತಾಪ ಮತ್ತು ಮೌನದ ಪರೀಕ್ಷೆ. ಕಚೇರಿಯ ಕಂಪ್ಯೂಟರಿನ ಫ್ಯಾನಿನ ಸದ್ದು ಅಲ್ಲಿಯ ಗದ್ದಲದಲ್ಲಿ ಅಡಗಿಹೋಗುತ್ತದೆ. ರಾತ್ರಿಯ ನಿಶ್ಶಬ್ದದಲ್ಲಿ ಕ್ಷೀಣವಾದ ಹಳೆಯ ಧ್ವನಿಯೊಂದನ್ನು ಆಲಿಸುವಾಗ ಅದೇ ಸದ್ದು ಅಸಹನೀಯವೆನಿಸುತ್ತದೆ. ಇದಕ್ಕೊಂದು ಪರಿಹಾರ, ಪ್ರೊಸೆಸರನ್ನು ಬೋರ್ಡಿಗೇ ಬೆಸೆದು ಫ್ಯಾನಿಲ್ಲದೆ ತಂಪಾಗಿಸುವ ಮಿನಿ ಐಟಿಎಕ್ಸ್. 2023ರಲ್ಲಿ ಬಂದ ಇಂಟೆಲ್ ಎನ್100 ಈ ಬಗೆಯದು. ಅದರ ತಾಪದ ಮಿತಿಯನ್ನು 6 ವಾಟ್ ಎಂದು ನಮೂದಿಸಿದ್ದಾರೆ. ಮೇಜಿನ ಕಂಪ್ಯೂಟರಿನ ಸಾಧಾರಣ ಪ್ರೊಸೆಸರಿಗೆ ಅದು 65 ವಾಟ್ ಇರುತ್ತದೆ. ಎನ್100ಗೆ ಎವಿ1 ಸಹ ತಿಳಿದಿದೆ. ಆದರೆ ಅಲ್ಲಿ ಪ್ರೊಸೆಸರನ್ನು ಎಂದಿಗೂ ಬದಲಿಸಲಾಗದೆಂಬುದನ್ನೂ, ಮೆಮೊರಿಗೆ ಹೆಚ್ಚಾಗಿ ಒಂದೇ ಸ್ಲಾಟು ಇರುವುದೆಂಬುದನ್ನೂ ಅರಿತು ಕೊಳ್ಳಬೇಕು. ಚಿತ್ರ ನೋಡುವುದಷ್ಟೇ ಉದ್ದೇಶವಾದರೆ ಇದು ಧಾರಾಳ. ಮಕ್ಕಳು ಅದರಲ್ಲಿಯೇ ದೊಡ್ಡ ಆಟಗಳನ್ನು ಆಡುವರೆಂದರೆ ಸಾಲದು. ಫ್ಯಾನಿಲ್ಲದ ಬೋರ್ಡು ಕೋಣೆಯ ಗಾಳಿಯನ್ನೇ ನಂಬಿದೆ. ಕಲಬುರ್ಗಿ, ರಾಯಚೂರುಗಳ ಬೇಸಿಗೆಯಲ್ಲಿ ಆ ಗಾಳಿಯೇ 40 ಡಿಗ್ರಿಯನ್ನು ದಾಟುತ್ತದೆ. ಅಲ್ಲಿಯವರು ಪೆಟ್ಟಿಗೆಯನ್ನು ಗಾಜಿನ ಬಾಗಿಲಿನ ಷೋಕೇಸಿನಲ್ಲಿ ಮುಚ್ಚಿಡದೆ ತೆರೆದ ಕಡೆ ಇಡಬೇಕು, ಇಲ್ಲವೆ ನಿಧಾನವಾಗಿ ತಿರುಗುವ ದೊಡ್ಡ ಫ್ಯಾನೊಂದನ್ನು ಅಳವಡಿಸಿಕೊಳ್ಳಬೇಕು.

ಉಳಿದವು ಸಣ್ಣ ವಿಚಾರಗಳಾದರೂ ಅಲಕ್ಷ್ಯಕ್ಕೆ ಅರ್ಹವಲ್ಲ. ಸಂಗ್ರಹ ದೊಡ್ಡದಿದ್ದರೆ ಹಾರ್ಡ್ ಡಿಸ್ಕ್ ಜೋಡಿಸುವ ಸಾಟಾ ಕಿಂಡಿಗಳು ಎಷ್ಟಿವೆಯೆಂದು ಎಣಿಸಿ; ಅಮೂಲ್ಯವಾದುದರ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿ. ಟಿ.ವಿ.ಯ ರಿಮೋಟಿನಿಂದಲೇ ಕಂಪ್ಯೂಟರನ್ನು ನಡೆಸಬಹುದೆಂದು ಹಲವರು ಭಾವಿಸುತ್ತಾರೆ. ಅದಕ್ಕೆ ಬೇಕಾದ ಸಿಇಸಿ ಎಂಬ ಸೌಲಭ್ಯ ಬಹುತೇಕ ಮದರ್‌ಬೋರ್ಡುಗಳಲ್ಲಿಲ್ಲ. ಯುಎಸ್‌ಬಿ ರಿಮೋಟೊಂದನ್ನು ಬೇರೆಯಾಗಿ ಕೊಳ್ಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿದಿದೆ. ವಿಂಡೋಸ್ 11 ಹಾಕುವವರಿಗೆ ಟಿಪಿಎಂ 2.0 ಇರುವ ಬೋರ್ಡೇ ಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಲಿ, ನಿಮ್ಮ ಊರಿನ ಅಂಗಡಿಗೆ ಹೋಗಲಿ, ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಎಚ್‌ಡಿಎಂಐ ಎಷ್ಟನೆಯ ಆವೃತ್ತಿ? ಪ್ರೊಸೆಸರಿಗೆ ಎಚ್‌ಇವಿಸಿ, ಎವಿ1 ತಿಳಿದಿವೆಯೇ? ಈ ಬೋರ್ಡು ಈ ಪ್ರೊಸೆಸರನ್ನು ಒಪ್ಪುವುದೇ? ತಂಪಾಗಿಸುವ ಸಾಧನ ಪೆಟ್ಟಿಗೆಯ ಎತ್ತರದೊಳಗೆ ಕೂರುವುದೇ? ವಾರಂಟಿ ಎಷ್ಟು ವರ್ಷ? ಉತ್ತರವನ್ನು ಅಂಗಡಿಯವರ ಮಾತಿನಲ್ಲಿ ಮಾತ್ರ ಕೇಳದೆ ಬೋರ್ಡಿನ ವಿವರಪತ್ರದಲ್ಲಿ ಕಣ್ಣಾರೆ ಓದಿರಿ. ವೇಗದ ಅಂಕಿಗಳನ್ನೂ ಬಣ್ಣದ ದೀಪಗಳನ್ನೂ ಮುಂದೆ ಮಾಡಿ ಹೆಚ್ಚಿನ ಬೆಲೆಯ ಬೋರ್ಡನ್ನು ತೋರಿಸುವವರುಂಟು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತನ್ನು ಅಲ್ಲಿ ಮರೆಯಬಾರದು. ದುಡಿದ ಹಣ ವ್ಯರ್ಥವಾಗದಿರಲಿ. ಒಮ್ಮೆ ಸರಿಯಾಗಿ ಆರಿಸಿದ ಬೋರ್ಡು ಪೆಟ್ಟಿಗೆಯೊಳಗೆ ತನ್ನ ಇರವನ್ನೇ ತೋರ್ಪಡಿಸದೆ ಹಲವು ವರ್ಷ ಸೇವೆ ಸಲ್ಲಿಸುತ್ತದೆ. ಮನೆಮಂದಿಗೆ ಕಾಣುವುದು ಚಿತ್ರ, ಕೇಳುವುದು ಹಿರಿಯರ ಧ್ವನಿ.